ಸದ್ದು ಮಾಡದ ಮಿಸ್ಡ್ ಕಾಲ್

ಮಗಳು ಎಲ್ಲಿಗೇ ಹೋದರೂ ತಲುಪಿದ ಮೇಲೆ ಒಂದು ಮಿಸ್ಡ್ ಕಾಲ್ ಕೊಡಬೇಕು. ಒಂದೇ ರಿಂಗ್, ನಾನು ಎತ್ತುವಂತಿಲ್ಲ. ಬಸವೇಶ್ವರನಗರದ ನಮ್ಮ ಮನೆಗೆ ಮೊಬೈಲ್ ಬಂದಾಗಿನಿಂದ ನಡೆದುಬಂದ ಪದ್ಧತಿ ಅದು.

ಆಗ ನಾನು ರಾಜಾಜಿನಗರದ ಸಣ್ಣ ಕಂಪನಿಯೊಂದರಲ್ಲಿ ಮೊಬೈಲ್ ಸಾಫ್ಟ್‌ವೇರ್ ವಿನ್ಯಾಸ ಮಾಡುತ್ತಿದ್ದೆ. ಒಂದು ಫೋಟೊ ಕಳಿಸಬೇಕಾದರೆ ಜನ ಮೆನುವಿನೊಳಗೆ ಮೆನು ಹೊಕ್ಕು ಸುಸ್ತಾಗುತ್ತಿದ್ದರು. ಹೊಸದೇನೂ ಕಲಿಸುವುದು ಬೇಡ, ಎಲ್ಲರಿಗೂ ಗೊತ್ತಿರುವ ಮಿಸ್ಡ್ ಕಾಲನ್ನೇ ಬಳಸೋಣ ಎಂದೆ. ಫೋಟೊ ಬೇಕಾದವರು ಮಿಸ್ಡ್ ಕಾಲ್ ಕೊಡುತ್ತಾರೆ. ನಾವು ಮೊದಲೇ ಒಪ್ಪಿದ ನಂಬರಾದರೆ ಫೋನ್ ಸದ್ದಿಲ್ಲದೆ ಕಾಲ್ ಕಟ್ ಮಾಡಿ, ಕೊನೆಯದಾಗಿ ತೆಗೆದ ಫೋಟೊವನ್ನು ತಾನೇ ಕಳಿಸುತ್ತದೆ. ತೆರೆಯ ಮೇಲೆ ಗುರುತೂ ಉಳಿಯುವುದಿಲ್ಲ. ಆಫೀಸಿನಲ್ಲಿ ಎಲ್ಲರೂ ಮೆಚ್ಚಿದರು.

ಮನೆಯಲ್ಲೂ ನೋಡೋಣವೆಂದು ಒಂದು ರಜೆಯ ದಿನ ಅದನ್ನು ನನ್ನ ಫೋನಿಗೆ ಹಾಕಿಕೊಂಡು ಮಗಳ ನಂಬರ್ ಸೇರಿಸಿದೆ. ಅವಳಿಗೆ ಸಂಜೆ ತೋರಿಸಿದರಾಯಿತು ಅಂದುಕೊಂಡೆ. ಊಟ ಮುಗಿಸಿ ಚಾಪೆಯ ಮೇಲೆ ನಿದ್ದೆಹೋಗಿದ್ದ ಅತ್ತೆಯವರದೊಂದು ಫೋಟೊ ತೆಗೆದಿಟ್ಟೆ.

ಅಷ್ಟರಲ್ಲಿ ಮಗಳು ಓದಿಕೊಳ್ಳಲು ನಾಗರಬಾವಿಯ ಗೆಳತಿಯ ರೂಮಿಗೆ ಹೊರಟುಹೋಗಿದ್ದಳು. ದೂರವೇನಲ್ಲ. ಕುಕ್ಕರ್ ತೊಳೆದೆ, ಬಟ್ಟೆ ಮಡಿಸಿದೆ, ಕಾಫಿಗೆ ನೀರಿಟ್ಟೆ. ಫೋನ್ ಸುಮ್ಮನಿತ್ತು.

ನಾನೇ ಮಾಡಿದೆ. ಲೈನ್ ಬ್ಯುಸಿ. ಮತ್ತೆ ಮಾಡಿದೆ, ಮತ್ತೆ ಬ್ಯುಸಿ. ಮೂರನೆಯ ಸಲ ಸ್ವಿಚ್ಡ್ ಆಫ್. ಅಲ್ಲಿ ರಿಂಗ್ ರೋಡ್ ದಾಟಬೇಕು, ಲಾರಿಗಳು ನಿಲ್ಲುವುದೇ ಇಲ್ಲ.

ಅತ್ತೆ ಎದ್ದು ಅವರೆಕಾಯಿ ಸುಲಿಯುತ್ತಿದ್ದರು. "ಯಾಕೇ ಹಂಗೆ ಫೋನ್ ಹಿಡ್ಕೊಂಡು ಸುತ್ತಾಡ್ತೀಯ?"

"ಅವಳ ಮಿಸ್ಡ್ ಕಾಲ್ ಬಂದಿಲ್ಲ ಅತ್ತೆ."

"ಮರ್ತಿರ್ತಾಳೆ ಬಿಡು."

ಅವಳು ಮರೆಯುವವಳಲ್ಲ, ನನ್ನ ಭಯವೂ ಅದೇ. ಒಲೆ ಆರಿಸಿ, ಉಟ್ಟ ಸೀರೆಯಲ್ಲೇ ಹುಡುಕಿಕೊಂಡು ಹೊರಟೆ. ಗೇಟಿನ ಚಿಲಕ ತೆಗೆಯುತ್ತಿದ್ದೆ. ಅಷ್ಟರಲ್ಲಿ ಆಟೊ ಬಂದು ನಿಂತಿತು. ಇಳಿದವಳು ಮಗಳೇ, ಅತ್ತು ಮುಖವೆಲ್ಲ ಊದಿತ್ತು.

"ಅಜ್ಜಿಗೆ ಯಾವಾಗ ಆಯ್ತಮ್ಮಾ?"

"ಏನಾಯ್ತು?"

"ತಲುಪಿದೆ ಅಂತ ಕಾಲ್ ಕೊಟ್ರೆ, ಅಜ್ಜಿ ಕಣ್ಮುಚ್ಚಿ ಮಲಗಿರೋ ಫೋಟೊ ಕಳಿಸ್ತೀಯ. ಒಂದು ಮಾತೂ ಬರೆದಿಲ್ಲ! ಗಾಬರಿಯಾಗಿ ಮತ್ತೆ ಮತ್ತೆ ಮಾಡಿದ್ರೆ ಕಟ್ ಮಾಡಿ ಅದೇ ಫೋಟೊ! ಬ್ಯಾಟರಿ ಹೋಗೋ ತನಕ ಮಾಡ್ದೆ."

ಒಳಗಿನಿಂದ ಅತ್ತೆಯ ದನಿ: "ಯಾರೇ ಅದು ಬಾಗ್ಲಲ್ಲಿ ಅಳ್ತಿರೋದು?"

ಮಗಳು ಓಡಿಹೋಗಿ ತಬ್ಬಿಕೊಂಡಳು, ಸುಲಿದ ಕಾಳೆಲ್ಲ ಚೆಲ್ಲಾಪಿಲ್ಲಿ. ವಿಷಯ ತಿಳಿದು ಅತ್ತೆ ನನ್ನ ಕಡೆ ತಿರುಗಿದರು. "ಹಿತಕಿದಬೇಳೆ ಸಾರು ತಿನ್ನೋಕೂ ಬಿಡದೆ ಕಳಿಸ್ಬಿಟ್ಯಲ್ಲೇ! ಫೋಟೊದಲ್ಲಿ ಬಾಯಾದ್ರೂ ಮುಚ್ಚಿತ್ತಾ?"

ಅವರಿಬ್ಬರೂ ನಕ್ಕರು. ನನಗೆ ನಗು ಬರಲಿಲ್ಲ. ಮಿಸ್ಡ್ ಕಾಲ್ ಖಾಲಿ ಡಬ್ಬಿ, ನಮಗೆ ಬೇಕಾದ್ದನ್ನು ತುಂಬಬಹುದು ಅಂದುಕೊಂಡಿದ್ದೆ. ಅದರೊಳಗೆ ಮಗಳ 'ತಲುಪಿದೆ' ಆಗಲೇ ಇತ್ತು. ನನ್ನ ಫೋನ್ ಅದನ್ನೇ ನುಂಗುತ್ತಾ ಕೂತಿತ್ತು. ಸದ್ದು ಆಗಲೇಬೇಕು, ಕಳಿಸುವ ಮುಂಚೆ ನಮ್ಮನ್ನು ಕೇಳಲೇಬೇಕು ಎಂದು ಆಫೀಸಿನಲ್ಲಿ ಜಗಳವಾಡಿ ಎಲ್ಲವನ್ನೂ ತಿದ್ದಿಸಿದ್ದು ಆಮೇಲಿನ ಮಾತು.

ಆ ಸಂಜೆ ಅದನ್ನು ಫೋನಿನಿಂದ ಕಿತ್ತುಹಾಕಿದೆ. ಮಗಳು ತನ್ನ ಫೋನ್ ಚಾರ್ಜಿಗೆ ಹಾಕಿ, ನನ್ನೆದುರಿಗೇ ಕೂತು ಒಂದು ಮಿಸ್ಡ್ ಕಾಲ್ ಕೊಟ್ಟಳು. ಒಂದು ರಿಂಗ್ ಆಗಿ ನಿಂತಿತು.

"ಸಾಕಾ ಅಮ್ಮ?"

"ಇನ್ನೊಂದ್ಸಲ ಕೊಡೇ" ಎಂದೆ.