ಚಲಪತಿಗೆ ಎಡೆ ಇಡೋ ಜಾಗ

ಚಾಂಪಿಯನ್ ರೀಫ್ಸ್‌ನಲ್ಲಿ ನಮ್ಮ ಪಕ್ಕದ ಮನೆ ಮಂಗಮ್ಮನ ಗಂಡ ಚಲಪತಿ ಚಿನ್ನದ ಗಣಿಯೊಳಗೆ ಬಂಡೆ ಕುಸಿದು ಸತ್ತ. ಹೆಣ ಮೇಲಕ್ಕೆ ಬರಲೇ ಇಲ್ಲ. ಆಮೇಲೆ ಅವಳು ಹಸು ಕಟ್ಟಿ, ಹಾಲು ಮಾರಿ ಬದುಕಿದಳು. ಅವನಿಗೆ ಸಮಾಧಿ ಅಂತ ಇಲ್ಲದ್ದಕ್ಕೆ ಪ್ರತಿ ಮಹಾಲಯ ಅಮಾವಾಸ್ಯೆಗೂ ಆ ಗಣಿ ಬಾವಿಯ ಬಾಯಿ ಹತ್ತಿರವೇ ಎಡೆ ಇಡುತ್ತಿದ್ದಳು. ಮುದ್ದೆ, ಹುರುಳಿಕಾಳು ಸಾರು, ಒಂದು ಬೀಡಿ. ಕಾಗೆ ಬಂದು ಮುಟ್ಟಿದ ಮೇಲೇನೆ ತಾನು ಉಣ್ಣುತ್ತಿದ್ದಳು.

ಹೋದ ವರ್ಷ ಹಳೇದನ್ನೆಲ್ಲ ಕಾಪಾಡೋ ಇಲಾಖೆಯವರು ಬಂದರು. ಬಾವಿ ಬಾಯಿಗೆ ಕಾಂಕ್ರೀಟ್ ಹಾಕಿ ಮುಚ್ಚಿದರು. ಮೇಲಿನ ಕಬ್ಬಿಣದ ಗೋಪುರಕ್ಕೆ ಬಣ್ಣ ಬಳಿದು, ಸುತ್ತ ಬೇಲಿ ಕಟ್ಟಿ, ಪ್ರವಾಸಿ ತಾಣ ಅಂತ ಬೋರ್ಡು ನಿಲ್ಲಿಸಿದರು.

ಈ ಸಲ ಅಮಾವಾಸ್ಯೆಗೆ ನಾನೂ ಅವಳ ಜೊತೆ ಹೋದೆ. ಗೇಟು ಕಾಯೋ ಸೊಣ್ಣಪ್ಪ ನಮ್ಮ ಲೈನ್ ಮನೆಗಳ ಸಾಲಿನವನೇ, ಚಲಪತಿ ಜೊತೆ ಗಣಿಗೆ ಇಳಿದವನು.

"ಅಕ್ಕಾ, ಒಳಕ್ಕೆ ಅನ್ನ ಗಿನ್ನ ತರಂಗಿಲ್ಲ. ಗಲೀಜಾಯ್ತದೆ ಅಂತಾರೆ. ನನ್ ಕೆಲ್ಸ ಓಯ್ತದೆ" ಅಂದ.

"ನನ್ ಗಂಡ ಒಳಗವ್ನೆ ಕಣ್ಲಾ ಸೊಣ್ಣಪ್ಪ. ಅವನನ್ನೂ ಗಲೀಜು ಅಂತ ಎತ್ತಿ ಆಚೆಗಾಕಿದ್ರೆ ನಾನೇ ಮಣ್ಣು ಮಾಡ್ಕೊಂತಿದ್ನಲ್ಲ" ಅಂದಳು.

ಅವನು ತಲೆ ತಗ್ಗಿಸಿದ. ಗೇಟು ಮಾತ್ರ ತೆಗೆಯಲಿಲ್ಲ.

ಬೇಲಿಯ ಹೊರಗೇ ಎಲೆ ಹಾಸಿ ಎಡೆ ಇಟ್ಟಳು. ಕಾಗೆಗಳು ಗೋಪುರದ ಮೇಲೆ ಕೂತಿದ್ದವು, ಒಂದೂ ಇಳಿಯಲಿಲ್ಲ. ಸಂಜೆವರೆಗೂ ಕಾದೆವು. ಮುದ್ದೆ ಒಣಗಿ ಬಿರಿಯಿತು.

"ನಡಿ ಮಂಗಮ್ಮ, ಏನಾದ್ರೂ ಬಾಯಿಗಾಕ್ಕೊ" ಅಂದೆ.

"ಅವನುಂಡಿಲ್ವಲ್ಲಕ್ಕಾ" ಅಂದಳು.

ಅಷ್ಟರಲ್ಲಿ ನಾಯಿಯೊಂದು ಬಂದು ಎಲೆಗೆ ಬಾಯಿ ಹಾಕಿತು. ಅವಳು ಅದನ್ನು ಓಡಿಸಲೂ ಇಲ್ಲ.