ಪ್ಲಾಸ್ಟಿಕ್ ತೆಗೆಯದ ಸೀಟು

ಆ ಕಾರನ್ನು ಷೋರೂಮಿನಿಂದ ತಂದು ಎರಡು ವರ್ಷವಾಗಿದ್ದರೂ ಸೀಟುಗಳ ಮೇಲಿನ ಪ್ಲಾಸ್ಟಿಕ್ ಹಾಗೇ ಇತ್ತು. ಬಿಸಿಲಿಗೆ ನಿಂತ ಕಾರಿನಲ್ಲಿ ಕೂತರೆ ಕಾದ ಹಂಚಿನ ಮೇಲೆ ಕೂತಂತಾಗುತ್ತಿತ್ತು. ಹತ್ತು ನಿಮಿಷ ಕಳೆಯುವಷ್ಟರಲ್ಲಿ ಹಂಚು ಹೋಗಿ ಅಡಿಯಲ್ಲಿ ಬೆವರು ಮಡುಗಟ್ಟುತ್ತಿತ್ತು. ಸೀರೆ, ಲಂಗ ಎಲ್ಲ ತೊಯ್ದು ತೊಡೆಗೆ ಅಂಟಿಕೊಂಡು, ಇಳಿಯುವಾಗ ಚರ್ರೆಂದು ಸದ್ದಾಗುತ್ತಿತ್ತು. ಆ ಸದ್ದು ಕೇಳಿದ ಗಂಡಸರು ಬೇರೆ ಕಡೆ ನೋಡುತ್ತಿದ್ದರು. ನಾನು ಕೈಚೀಲವನ್ನು ಹಿಂದೆ ಹಿಡಿದುಕೊಂಡು ಕೋರ್ಟಿನ ಮೆಟ್ಟಿಲು ಹತ್ತುತ್ತಿದ್ದೆ.

ನಾನು ಲಿಂಗಸುಗೂರಿನ ಕೋರ್ಟಿನಲ್ಲಿ ಬೆರಳಚ್ಚುಗಾರ್ತಿ. ಮನೆ ಸಿಂಧನೂರಿನಲ್ಲಿ. ವರ್ಗವಾಗಿ ಬಂದ ಮೊದಲ ತಿಂಗಳುಗಳಲ್ಲಿ ಬಸ್ಸಿನಲ್ಲೇ ಓಡಾಡಿದೆ. ಬೆಳಗಿನ ಬಸ್ಸುಗಳಲ್ಲಿ ಸೀಟು ಸಿಗುವುದು ಅಪರೂಪ. ಮಸ್ಕಿಯವರೆಗೂ ಕಂಬಿ ಹಿಡಿದು ನಿಲ್ಲಬೇಕು. ದಿನವಿಡೀ ಕುರ್ಚಿಯಲ್ಲಿ ಕೂತು ಸಾಕ್ಷಿ ಹೇಳಿಕೆಗಳನ್ನು ಟೈಪು ಮಾಡಿದ ಸೊಂಟ, ಸಂಜೆ ಮತ್ತೆ ಹಾಗೇ ನಿಲ್ಲಲು ಒಪ್ಪಲಿಲ್ಲ. ಎಡಗಾಲಿನ ಹಿಮ್ಮಡಿಯವರೆಗೆ ನೋವು ಇಳಿಯತೊಡಗಿತು. ಡಾಕ್ಟರು ನಿಂತು ಪ್ರಯಾಣ ಮಾಡಲೇಬೇಡಿ ಎಂದರು. ಆಗ ಸಿಕ್ಕಿದ್ದು ಈ ಕಾರು. ನಮ್ಮ ಬಡಾವಣೆಯವರೇ ಆದ ಒಬ್ಬ ಗುಮಾಸ್ತರು ಅದೇ ದಾರಿಯಲ್ಲಿ ದಿನಾ ಹೋಗಿಬರುತ್ತಿದ್ದರು. ಇನ್ನಿಬ್ಬರು ಆಗಲೇ ಅದರಲ್ಲಿದ್ದರು. ನಾಲ್ಕನೆಯವಳಾಗಿ ನಾನು ಸೇರಿದೆ. ಕೂತು ಹೋಗುತ್ತೇನಲ್ಲ ಎಂಬ ಸಮಾಧಾನ ಒಂದು ವಾರ ಉಳಿಯಿತು.

ಕಾರಿನ ಮಾಲೀಕರು ಕೆಟ್ಟವರೇನಲ್ಲ. ಗಾಡಿಯನ್ನು ಜೋಪಾನವಾಗಿ ಓಡಿಸುತ್ತಿದ್ದರು, ದಾರಿಯಲ್ಲಿ ಕುರಿ ಹಿಂಡು ಬಂದರೆ ಎಂಜಿನ್ ನಿಲ್ಲಿಸಿ ಕಾಯುತ್ತಿದ್ದರು. ಆದರೆ ಏಸಿ ಹಾಕಿದರೆ ಅವರಿಗೆ ಗಂಟಲು ಕಟ್ಟುತ್ತಿತ್ತು, ಕಿಟಕಿ ಇಳಿಸಿದರೆ ಒಳಗೆ ಧೂಳು ಬರುತ್ತಿತ್ತು. ಹೀಗಾಗಿ ಎರಡೂ ಇಲ್ಲ. ಒಮ್ಮೆ ಧೈರ್ಯ ಮಾಡಿ, ಈ ಪ್ಲಾಸ್ಟಿಕ್ ತೆಗೆಸಿಬಿಡಬಾರದೇ ಎಂದು ಕೇಳಿದೆ.

“ಪ್ಲಾಸ್ಟಿಕ್ ತೆಗದ್ರ ಗಾಡಿ ಹಳೇದಾಗತೈತ್ರಿ ಮೇಡಂ,” ಎಂದರು.

ನನ್ನ ಮುಂದಿನ ಸೀಟಿನಲ್ಲಿ ಕೂರುತ್ತಿದ್ದವರು ಒಬ್ಬ ಕ್ಯಾಷಿಯರ್. ವಯಸ್ಸಿನಲ್ಲಿ ಎಲ್ಲರಿಗಿಂತ ದೊಡ್ಡವರು, ಅದಕ್ಕೇ ಮುಂದಿನ ಸೀಟು ಅವರದು. ಊರ ಹೊರಗೆ ಗದ್ದೆಗಳು ಶುರುವಾದ ಕೂಡಲೇ ಅವರು ಸೀಟಿನ ಹಿಡಿಕೆ ಎಳೆದು ಹಿಂದಕ್ಕೆ ಬೀಳುತ್ತಿದ್ದರು. ನನ್ನ ಮೊಣಕಾಲಿಗೂ ಸೀಟಿನ ಬೆನ್ನಿಗೂ ನಡುವೆ ಒಂದು ಪುಸ್ತಕದಷ್ಟು ಜಾಗವೂ ಉಳಿಯುತ್ತಿರಲಿಲ್ಲ. ಅವರ ತಲೆ ನನ್ನ ಮುಖದಿಂದ ಒಂದು ಗೇಣು ದೂರದಲ್ಲಿ ಬಂದು ನಿಲ್ಲುತ್ತಿತ್ತು. ತಲೆದಿಂಬಿನ ಪ್ಲಾಸ್ಟಿಕ್ಕಿನ ಮೇಲೆ ಅವರ ಕೊಬ್ಬರಿ ಎಣ್ಣೆ ಪದರ ಪದರವಾಗಿ ಕೂತು, ಅದರಲ್ಲಿ ಹೊಟ್ಟು, ನಾಲ್ಕೈದು ಬಿಳಿ ಕೂದಲು ಸಿಕ್ಕಿಕೊಂಡಿದ್ದವು. ಬಾಯಿ ತೆರೆದು ನಿದ್ದೆ ಹೋದರೆ ಗುಟ್ಕಾದ ಉಸಿರು. ನಾನು ಕಣ್ಣು ಮುಚ್ಚಿ, ಮೂಗಿಗೆ ಸೆರಗು ಹಿಡಿದು, ಮಸ್ಕಿ ಬರಲಿ ಎಂದು ಕಾಯುತ್ತಿದ್ದೆ.

ನನ್ನ ಪಕ್ಕದಲ್ಲಿ, ಮಾಲೀಕರ ಹಿಂದೆ, ಉರ್ದು ಶಾಲೆಯ ಟೀಚರ್ ಕೂರುತ್ತಿದ್ದರು. ಮೂವತ್ತು ದಾಟಿದ ಹೆಂಗಸು. ಐದು ವರ್ಷದ ಮಗಳನ್ನು ತಾವು ಕಲಿಸುವ ಶಾಲೆಗೇ ಸೇರಿಸಿದ್ದರು, ಆ ಹುಡುಗಿ ಅವರ ತೊಡೆಯ ಮೇಲೆ ಬರುತ್ತಿತ್ತು. ನಾಲ್ವರಲ್ಲಿ ಮೈಕೈ ಚೊಕ್ಕಟವಾಗಿ ಇಟ್ಟುಕೊಂಡು ಬರುತ್ತಿದ್ದವರು ಅವರೊಬ್ಬರೇ. ದಸರೆಗೆ ಮುಂಚೆ ಒಂದು ದಿನ ಮಗಳಿಗೆ ವಾಂತಿಯಾಯಿತು. ಹೆಚ್ಚಿನದನ್ನು ಟೀಚರ್ ತಮ್ಮ ಓಢಣಿಯಲ್ಲೇ ಹಿಡಿದರು. ಪ್ಲಾಸ್ಟಿಕ್ಕಿನ ಮೇಲೆ ಬಿದ್ದ ಸ್ವಲ್ಪವನ್ನು ಮಸ್ಕಿಯಲ್ಲಿ ನೀರು, ಸೋಪು ತರಿಸಿ ಎರಡೆರಡು ಸಲ ತೊಳೆದರು. ಮಾಲೀಕರು ಅಷ್ಟೂ ಹೊತ್ತು ಬಾಗಿಲ ಬಳಿ ನಿಂತು, ಇಲ್ಲಿ ಇನ್ನೂ ಐತಿ, ಅಲ್ಲಿ ಇನ್ನೂ ಐತಿ ಎಂದು ಬೆರಳು ತೋರಿಸುತ್ತಿದ್ದರು.

ಈಗ ನನ್ನ ವಿಷಯ ಹೇಳಬೇಕು. ಶಿವರಾತ್ರಿ ಕಳೆದ ವಾರ, ಬೆಳಿಗ್ಗೆ ಮಸ್ಕಿಯಲ್ಲಿ ಕಾರು ನಿಂತಿತ್ತು. ಗಂಡಸರು ಚಹಾಕ್ಕೆ ಇಳಿದಿದ್ದರು. ಟೀಚರ್ ಮಗಳಿಗೆ ಬಾಳೆಹಣ್ಣು ತರಲು ಹೋಗಿದ್ದರು. ಚೀಲದಿಂದ ಕನ್ನಡಕ ತೆಗೆಯಲು ಹೋದೆ, ಮಜ್ಜಿಗೆಯ ಬಾಟಲಿಯ ಮುಚ್ಚಳ ಸಡಿಲವಿತ್ತು. ಅರ್ಧ ಬಾಟಲಿ ಮಜ್ಜಿಗೆ ನನ್ನ ಪಕ್ಕಕ್ಕೆ ಚೆಲ್ಲಿತು. ಪ್ಲಾಸ್ಟಿಕ್ಕಿನ ಮೇಲೆ ಒಂದು ಕ್ಷಣ ನಿಂತಿದ್ದು, ಸೀಟಿನ ನಡುವಿನ ಹರಿದ ಹೊಲಿಗೆ ಕಂಡು ಅದರೊಳಗೆ ಇಳಿಯಿತು. ಕರವಸ್ತ್ರದಿಂದ ಮೇಲೆ ಮೇಲೆ ಒರೆಸಿದೆ. ಮಾಲೀಕರು ಅಂದು ಬೆರಳು ತೋರಿಸುತ್ತ ನಿಂತಿದ್ದು ನೆನಪಾಯಿತು. ಅವರು ಮರಳಿ ಬಂದು ಕೂತಾಗ ನಾನು ಕಿಟಕಿಯಾಚೆ ಮಸ್ಕಿಯ ಗುಡ್ಡ ನೋಡುತ್ತಿದ್ದೆ.

ಮೂರನೇ ದಿನಕ್ಕೆ ವಾಸನೆ ಶುರುವಾಯಿತು. ಮೊದಲು ಹುಳಿ, ಆಮೇಲೆ ಹುಳಿಗಿಂತ ಕೆಟ್ಟದ್ದು, ಕಡೆಗೆ ಸತ್ತ ಇಲಿಯ ಹಾಗೆ. ಬಾಗಿಲು ತೆರೆದವರು ಮೊದಲು ಒಂದು ಹೆಜ್ಜೆ ಹಿಂದೆ ಸರಿಯುತ್ತಿದ್ದರು. ಮಾಲೀಕರು ಕನ್ನಡಿಗೆ ಮಲ್ಲಿಗೆ ವಾಸನೆಯ ಒಂದು ಡಬ್ಬಿ ತೂಗುಹಾಕಿದರು. ಮಲ್ಲಿಗೆಯೂ ಕೊಳೆತ ಹಾಲೂ ಬೆರೆತು, ಮುಚ್ಚಿದ ಕಿಟಕಿಗಳ ಒಳಗೆ ಆ ಗಾಳಿಯನ್ನೇ ಉಸಿರಾಡುತ್ತ ಐವತ್ತು ಚಿಲ್ಲರೆ ಕಿಲೋಮೀಟರು ಹೋಗುತ್ತಿದ್ದೆವು. ಸಂಜೆ ಮನೆಗೆ ಬಂದು ಎರಡು ಚೊಂಬು ಹೆಚ್ಚಿಗೆ ನೀರು ಸುರಿದುಕೊಂಡರೂ ನನ್ನ ಕೂದಲಲ್ಲಿ ಅದು ಉಳಿದಿರುತ್ತಿತ್ತು.

ಯಾರೂ ನನ್ನ ಕಡೆ ನೋಡಲಿಲ್ಲ. ಐದು ತಿಂಗಳು ಹಿಂದಿನದಾದರೂ ಮಗುವಿನ ವಾಂತಿ ಎಲ್ಲರಿಗೂ ನೆನಪಿತ್ತು. ಮಾಲೀಕರು ಅದನ್ನೇ ಮತ್ತೆ ಮತ್ತೆ ಎತ್ತಿದರು. ಟೀಚರ್ ಇಲ್ಲದ ಹೊತ್ತಿನಲ್ಲಿ ಕ್ಯಾಷಿಯರ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಅವರ ಊಟದ ಡಬ್ಬಿಯಲ್ಲಿ ಏನೇನು ಇರುತ್ತದೋ ಯಾರಿಗೆ ಗೊತ್ತು ಎಂದರು. ಆ ಡಬ್ಬಿಯಲ್ಲಿ ಏನಿರುತ್ತಿತ್ತು ಎಂದು ನನಗೆ ಗೊತ್ತಿತ್ತು. ಹೆಚ್ಚಿನ ದಿನ ರೊಟ್ಟಿ, ಪುಂಡಿಸೊಪ್ಪಿನ ಪಲ್ಲೆ. ಅದನ್ನೂ ನಾನು ಹೇಳಲಿಲ್ಲ. ಕೋರ್ಟಿನಲ್ಲಿ ಹೇಳಿಕೆ ತಿರುಗಿಸುವ ಸಾಕ್ಷಿಗಳ ಮಾತನ್ನು ದಿನಾ ಟೈಪು ಮಾಡುವಾಗ ಒಳಗೊಳಗೇ ಹೇಸುತ್ತಿದ್ದವಳು ನಾನು. ಟೀಚರ್‌ಗೆ ಈ ಮಾತುಗಳ ಸುಳಿವು ಸಿಕ್ಕಿರಬೇಕು. ಮಾರನೆಯ ವಾರದಿಂದ ಮನೆಯಿಂದ ಒಗೆದ ಚಾದರ ತಂದು, ನಾಲ್ಕು ಮಡಿಕೆ ಹಾಸಿ, ಮಗಳನ್ನು ಅದರ ಆಚೆ ಕೈ ಇಡಗೊಡದೆ ಕೂರತೊಡಗಿದರು.

ಯುಗಾದಿ ಹತ್ತಿರ ಬಂದಿತ್ತು. ಅಂದು ಟೀಚರ್ ರಜೆಯಲ್ಲಿದ್ದರು. ಸಂಜೆ ಲಿಂಗಸುಗೂರು ಬಿಟ್ಟ ಮೇಲೆ ಮಾಲೀಕರು ಕನ್ನಡಿಯಲ್ಲಿ ನನ್ನನ್ನು ನೋಡುತ್ತ ಮಾತು ತೆಗೆದರು. ಮುಂದಿನ ತಿಂಗಳಿನಿಂದ ಟೀಚರ್ ಬಸ್ಸಿಗೆ ಹೋಗಲಿ, ಇದನ್ನು ಅವರಿಗೆ ಹೇಳುವವರು ಬೇಕು ಎಂದರು.

“ನೀವಾ ಹೇಳ್ರಿ ಮೇಡಂ. ಹೆಣ್ಮಕ್ಳು ಹೆಣ್ಮಕ್ಳು ಮಾತಾಡಿದ್ರ ತಕ್ರಾರು ಆಗಂಗಿಲ್ಲ.”

ಕ್ಯಾಷಿಯರ್ ಒರಗಿದಲ್ಲಿಂದಲೇ ಹೂಂಗುಟ್ಟಿದರು. ನಾನು ಕಿಟಕಿಯ ಕಡೆ ತಿರುಗಿದೆ. ರಸ್ತೆಯ ಎರಡೂ ಬದಿ ಹತ್ತಿ ಕಿತ್ತ ಹೊಲಗಳು ಖಾಲಿ ಬಿದ್ದಿದ್ದವು. ಮಸ್ಕಿ ಬರುವವರೆಗೂ ಬಾಯಲ್ಲಿ ಕಹಿ ನೀರು ಊರುತ್ತಿತ್ತು. ಅದು ವಾಸನೆಗೋ, ಕೇಳಿದ ಮಾತಿಗೋ, ನನ್ನ ಮೇಲೆಯೇ ಹುಟ್ಟಿದ ಹೇಸಿಗೆಗೋ ತಿಳಿಯಲಿಲ್ಲ.

ಮಸ್ಕಿಯಲ್ಲಿ ಅವರಿಬ್ಬರೂ ಒಗ್ಗರಣೆ ಮಂಡಕ್ಕಿ, ಮಿರ್ಚಿ ತಿನ್ನಲು ಇಳಿದರು. ನನ್ನ ಚೀಲದಲ್ಲಿ ಕಡತದ ದಾರ ಕತ್ತರಿಸುವ ಬ್ಲೇಡು ಇತ್ತು. ಬಾಗಿಲು ತೆರೆದು, ಇಳಿದು ನಿಂತು, ನಾನು ಕೂರುವ ಜಾಗದ ಪ್ಲಾಸ್ಟಿಕ್ಕನ್ನು ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಸೀಳಿದೆ. ಎರಡೂ ಕೈಯಿಂದ ಹಿಡಿದು ಹಿಂದಕ್ಕೆ ಸುಲಿದೆ.

ಕೆಳಗಿನ ಬಟ್ಟೆಯ ಬಣ್ಣ ಯಾವುದಿತ್ತೋ ಗೊತ್ತಾಗಲಿಲ್ಲ. ಕಪ್ಪು ಬೂಸಲು ಅಂಗೈ ಅಂಗೈ ಅಗಲ ಹಬ್ಬಿತ್ತು. ನಡುವೆ ಮಜ್ಜಿಗೆ ಹಳದಿ ಹೆಪ್ಪಾಗಿ, ಅದರಲ್ಲಿ ಸಣ್ಣ ಬಿಳಿ ಹುಳಗಳು ಮೆಲ್ಲಗೆ ಹೊರಳುತ್ತಿದ್ದವು. ಮಿರ್ಚಿಯ ಚೂರು, ನೆನೆದ ಬಿಸ್ಕತ್ತು, ಉಗುರಿನ ತುಣುಕುಗಳು, ಯಾರದೋ ಕೂದಲಿನ ಉಂಡೆ. ಎರಡು ವರ್ಷ ಕೂತವರ ಬೆವರು ಹೊರಗೆ ಹೋಗಲಾರದೆ ಅಲ್ಲೇ ಕೊಳೆತಿತ್ತು. ಇದರ ಮೇಲೆ ನಾನು ದಿನಕ್ಕೆ ಮೂರು ತಾಸು ಕೂತಿದ್ದೆ. ರಸ್ತೆ ಬದಿಗೆ ಓಡಿ, ಬೇಲಿ ಹಿಡಿದು, ಮಧ್ಯಾಹ್ನ ಉಂಡದ್ದನ್ನೆಲ್ಲ ಕಾರಿದೆ.

ತಿರುಗಿ ಬಂದಾಗ ಮಾಲೀಕರು ಬಾಗಿಲ ಬಳಿ ನಿಂತಿದ್ದರು. ಹುಳಗಳನ್ನು ಅವರು ನೋಡಲೇ ಇಲ್ಲ. ಸೀಳಿದ ಪ್ಲಾಸ್ಟಿಕ್ಕಿನ ಎರಡು ಅಂಚುಗಳನ್ನು ಹಿಡಿದು ಒಂದಕ್ಕೊಂದು ಕೂಡಿಸಿ ನೋಡುತ್ತಿದ್ದರು. ಬಿಟ್ಟರೆ ಬೇರೆಯಾಗುತ್ತಿತ್ತು, ಮತ್ತೆ ಕೂಡಿಸುತ್ತಿದ್ದರು.

“ಮಜ್ಜಿಗಿ ನಂದ್ರಿ,” ಎಂದೆ. “ಶಿವರಾತ್ರಿ ಆದ ಮ್ಯಾಲ ನಾನಾ ಚೆಲ್ಲೀನಿ. ಟೀಚರ್ದೂ ಅಲ್ಲ, ಅವರ ಕೂಸಿಂದೂ ಅಲ್ಲ.”

ಮಾಲೀಕರು ತಲೆ ಎತ್ತಲಿಲ್ಲ. ಕ್ಯಾಷಿಯರ್ ಕೈಯಲ್ಲಿನ ಎಣ್ಣೆಯನ್ನು ಕಾಗದಕ್ಕೆ ಒರೆಸುತ್ತ ನನ್ನನ್ನು ಕರುಣೆಯಿಂದ ನೋಡಿದರು.

“ಅವರ ಸಂಬಂಧ ನೀವ್ಯಾಕ ಮೈಮ್ಯಾಲ ಹಾಕ್ಕೋತೀರಿ ಬಿಡ್ರಿ. ನಿಮ್ಮಂಥವ್ರು ಹಿಂಗ ಹೊಲಸು ಮಾಡ್ತೀರೇನು.”

ಎರಡು ಸಲ, ಮೂರು ಸಲ ಹೇಳಿದೆ. ಯಾವ ದಿನ, ಯಾವ ಬಾಟಲಿ, ಎಲ್ಲ ಹೇಳಿದೆ. ಅವರು ನಂಬಲೇ ಇಲ್ಲ. ಸುಳ್ಳನ್ನು ಇಷ್ಟು ದಿನ ನಂಬಿದವರಿಗೆ ನಾನು ನಿಜ ಹೇಳಲು ಬಂದಾಗ ಅದೇ ಸುಳ್ಳಾಗಿ ಕಂಡಿತು. ಸೀಟಿನ ಮೇಲೆ ಹಳೆಯ ಪೇಪರು ಹಾಸಿ, ಸಿಂಧನೂರಿನವರೆಗೆ ಬಂದೆವು. ಆ ಕಾರಿನಲ್ಲಿ ಅದೇ ನನ್ನ ಕಡೆಯ ಪ್ರಯಾಣ.

ಮಾರನೆಯ ದಿನ ಬಸ್ ನಿಲ್ದಾಣದಲ್ಲಿ ಟೀಚರ್ ಮಗಳ ಕೈ ಹಿಡಿದು ನಿಂತಿದ್ದರು. ಬೆಳಿಗ್ಗೆಯೇ ಮಾಲೀಕರು ಫೋನು ಮಾಡಿ, ಗಾಡಿ ರಿಪೇರಿಗೆ ಬಿಟ್ಟಿದ್ದೇವೆ, ಬೇರೆ ವ್ಯವಸ್ಥೆ ಮಾಡಿಕೊಳ್ಳಿ ಎಂದಿದ್ದರಂತೆ. ನಾನು ನಡೆದದ್ದೆಲ್ಲ ಹೇಳಿದೆ. ನಡುವೆ ನಿಲ್ಲಿಸಿದರೆ ಮತ್ತೆ ಹೇಳಲಾರೆ ಎಂದು ಒಂದೇ ಉಸಿರಿಗೆ ಹೇಳಿ ಮುಗಿಸಿದೆ. ಅವರು ಮಗಳ ಬೈತಲೆ ಸರಿಮಾಡುತ್ತ ಕೇಳಿಸಿಕೊಂಡರು.

“ನನಗ ಗೊತ್ತಿತ್ತ್ರಿ,” ಎಂದರು. “ಅವತ್ತಾ ನಿಮ್ಮ ಕರ್ಚೀಫು ಮಜ್ಜಿಗಿ ನಾರಾಕತ್ತಿತ್ತು. ಇವತ್ತ ಹೇಳ್ತಾರ, ನಾಳೆ ಹೇಳ್ತಾರ ಅಂತ ಕಾದೆ. ಆಮ್ಯಾಲ ಕಾಯೋದಾ ಬಿಟ್ಟೆ.”

ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ನಾನು ಕ್ಷಮೆ ಕೇಳುವುದು ಸುಲಭವಾಗುತ್ತಿತ್ತು. ಬಸ್ಸು ಬಂತು, ಅವರು ಮುಂದಿನ ಬಾಗಿಲಿಗೆ ಹೋದರು.

ಆ ಭಾನುವಾರ ಮಾಲೀಕರ ಮನೆಗೆ ಹೋದೆ. ಸೀಳಿದ್ದು ನಾನು, ಹೊಸ ಕವರು ಹಾಕಿಸಿಕೊಡುತ್ತೇನೆ ಎಂದು ಹೇಳುವುದಿತ್ತು. ಅವರು ಮನೆಯಲ್ಲಿರಲಿಲ್ಲ, ಹೆಂಡತಿ ಒಳಗೆ ಕರೆದರು. ಪಡಸಾಲೆಯ ಸೋಫಾದ ಮೇಲೆ ಪ್ಲಾಸ್ಟಿಕ್ಕು. ಊಟದ ಮೇಜಿನ ಮೇಲೆ, ಕುರ್ಚಿಗಳ ಮೇಲೆ, ಟೀವಿಯ ರಿಮೋಟಿಗೆ, ಫ್ರಿಜ್ಜಿನ ಹಿಡಿಕೆಗೆ ಪ್ಲಾಸ್ಟಿಕ್ಕು. ನಾನು ನಿಂತೇ ಇದ್ದೆ. ಅವರು ಅಡುಗೆಮನೆಯಿಂದ ಮಣೆ ತಂದು ಹಾಕಿದರು, ತಾವು ನೆಲಕ್ಕೆ ಕೂತರು. ಕಾರಿನ ಸಂಗತಿ ಅವರಿಗೆ ತಿಳಿದಿತ್ತು. ಗಂಡ ಎರಡು ದಿನ ಸರಿಯಾಗಿ ಉಂಡಿಲ್ಲ ಎಂದರು. ಆಮೇಲೆ ಬಾಗಿಲ ಕಡೆ ಒಮ್ಮೆ ನೋಡಿ, ಸಣ್ಣ ದನಿಯಲ್ಲಿ ಹೇಳಿದರು.

“ಗಾದಿಗೂ ಹಾಕ್ಯಾರ್ರಿ. ಮದುವಿ ಆದಾಗಿಂದ ಅದರ ಮ್ಯಾಲನಾ ಮಲಗೀನಿ. ಹೊಳ್ಳಿದ್ರ ಸಪ್ಪಳ ಆಗತೈತಿ, ಅವರಿಗೆ ಎಚ್ಚರ ಆಗತೈತಿ. ಅದಕ್ಕಾ ಒಂದಾ ಮಗ್ಗಲಾ ಮಲಗೋದು ರೂಢಿ ಮಾಡ್ಕೊಂಡೀನಿ.”

ನನ್ನ ಮೂರು ತಾಸಿನ ದುಃಖವನ್ನು ಇಡೀ ಬಡಾವಣೆಗೆ ಹೇಳಿಕೊಂಡು ತಿರುಗಿದ್ದೆ. ಈ ಹೆಂಗಸು ಬೇಸಿಗೆಯ ರಾತ್ರಿಗಳನ್ನು ಹಾಗೆ ಕಳೆದು, ಬೆಳಿಗ್ಗೆ ಎದ್ದು ನಮಗೆಲ್ಲ ಒಮ್ಮೊಮ್ಮೆ ಉಪ್ಪಿಟ್ಟು ಕಟ್ಟಿ ಕಳಿಸುತ್ತಿದ್ದರು. ಹೊರಡುವಾಗ ಅವರು ಕವರಿನ ಮಾತು ಬೇಡವೆಂದರು. ರಿಪೇರಿಯವನು ಹಳೆಯ ಫೋಮು ಕಿತ್ತು ಹೊಸದು ತುಂಬಿ, ಮೇಲೆ ರೆಕ್ಸಿನ್ ಹೊಲಿದಿದ್ದಾನೆ, ಯಜಮಾನರು ಅದರ ಮೇಲೆ ಹಾಕಲು ಪ್ಲಾಸ್ಟಿಕ್ ತರಲೆಂದೇ ಪೇಟೆಗೆ ಹೋಗಿದ್ದಾರೆ ಎಂದರು.

ಈಗ ನಾನು ಬಸ್ಸಿನಲ್ಲೇ ಹೋಗುತ್ತೇನೆ, ಹೆಚ್ಚಿನ ದಿನ ಮಸ್ಕಿಯವರೆಗೆ ನಿಂತೇ. ಅದರ ಸೀಟುಗಳೂ ಹರಿದಿವೆ, ಮೂಲೆಯಲ್ಲಿ ಎಲೆಯಡಿಕೆ ಉಗಿದ ಕಲೆ, ಎದುರಿನ ಸರಳಿಗೆ ಸಾವಿರ ಕೈಗಳ ಜಿಡ್ಡು. ಗುಂಡಿಗೆ ಇಳಿದಾಗ ಕೆಳಗಿನ ಹಲಗೆ ನೇರವಾಗಿ ಬೆನ್ನುಹುರಿಗೆ ಬಡಿಯುತ್ತದೆ. ಮಾತ್ರೆ ತಿನ್ನುತ್ತೇನೆ. ಕಿಟಕಿ ಮಾತ್ರ ತೆರೆದಿರುತ್ತದೆ. ಟೀಚರ್ ಅದೇ ಬಸ್ಸಿಗೆ ಬರುತ್ತಾರೆ. ಕಂಡರೆ ತಲೆಯಾಡಿಸುತ್ತಾರೆ, ಶಾಲೆ, ಪರೀಕ್ಷೆ, ಮಗಳ ಕೆಮ್ಮು ಎಂದು ಎರಡು ಮಾತು ಆಡುತ್ತಾರೆ. ಪಕ್ಕದಲ್ಲಿ ಜಾಗವಿದ್ದ ದಿನ ನಾನು ಕೂರಲೇ ಎಂದು ಕೇಳುತ್ತೇನೆ. ಅವರು ಬೇಡ ಎಂದದ್ದಿಲ್ಲ. ತಾವಾಗಿ ಕರೆದದ್ದೂ ಇಲ್ಲ.