ಝೋನ್ ಬಿಟ್ಟ ಏಕಾದಶಿ

೧೯೮೮ರಲ್ಲಿ ನಾನು ಕಾಗವಾಡದ ಹತ್ತಿರದ ಒಂದು ಪ್ರೌಢಶಾಲೆಯಲ್ಲಿ ದೈಹಿಕ ಶಿಕ್ಷಕನಾಗಿದ್ದೆ. ಕೊರಳಲ್ಲಿ ಸೀಟಿ, ಮೂಗಿನ ತುದಿಯಲ್ಲಿ ಸಿಟ್ಟು, ಇವೆರಡೂ ಇಲ್ಲದೆ ನನ್ನನ್ನು ಯಾರೂ ನೋಡಿರಲಿಲ್ಲ. ಸಕ್ಕರೆ ಕಾರ್ಖಾನೆಯೊಂದರಿಂದ ಕೇಳಿ ತಂದ ಎರಡು ಹಳೆಯ ಪೈಪುಗಳನ್ನು ನೆಟ್ಟು, ಮಣ್ಣಿನ ಅಂಗಳದಲ್ಲೇ ಹುಡುಗಿಯರಿಗೆ ಬಾಸ್ಕೆಟ್‌ಬಾಲ್ ಕಲಿಸುತ್ತಿದ್ದೆ. ಕಬಡ್ಡಿ, ಖೋ-ಖೋ ಎಲ್ಲ ಶಾಲೆಗಳಲ್ಲೂ ಇದ್ದವು. ಬಾಸ್ಕೆಟ್‌ಬಾಲಿನಲ್ಲಿ ಪೈಪೋಟಿ ಕಡಿಮೆ, ಬೇಗ ಹೆಸರು ಬರುತ್ತದೆ ಎಂದು ನಾನು ಅದನ್ನು ಹಿಡಿದಿದ್ದೆ. ಈಗ ಮುಚ್ಚಿಡುವುದೇನಿದೆ?

ನಮ್ಮ ತಂಡ ಆಡುತ್ತಿದ್ದದ್ದು ಝೋನ್ ಡಿಫೆನ್ಸ್. ಅಂದರೆ ಎದುರಾಳಿಗಳ ಬೆನ್ನು ಹತ್ತುವುದಿಲ್ಲ. ಮುಂದೆ ಇಬ್ಬರು, ಹಿಂದೆ ಮೂವರು ತಮ್ಮ ತಮ್ಮ ಜಾಗ ಕಾಯುತ್ತಾರೆ, ಆ ಜಾಗಕ್ಕೆ ಬಂದವರನ್ನು ತಡೆಯುತ್ತಾರೆ. ಓಟ ಕಡಿಮೆ. ಹಿಂದಿನ ಮೂವರಲ್ಲಿ ನಡುವೆ ನಿಲ್ಲುತ್ತಿದ್ದವಳು ಶಾಲನ್. ಐನಾಪುರದ ಕಡೆಯ ಹುಡುಗಿ, ಹತ್ತನೇ ತರಗತಿ, ತಂಡದಲ್ಲೆಲ್ಲ ಎತ್ತರ. ಅವಳು ಎರಡು ಕೈ ಎತ್ತಿ ನಿಂತರೆ ಬುಟ್ಟಿ ಕಾಣದೆ ಎದುರಿನವರು ಚೆಂಡನ್ನು ಹಿಂದಕ್ಕೆ ಎಸೆಯುತ್ತಿದ್ದರು.

ಶಾಲನ್‌ಳ ಅಪ್ಪ ಬಾಬುರಾವ್ ಮೂರೆಕರೆ ಹೊಲ, ನಾಲ್ಕು ಎಮ್ಮೆಗಳ ರೈತ. ವರ್ಷಕ್ಕೊಮ್ಮೆ ಪಂಢರಪುರಕ್ಕೆ ನಡೆದು ಹೋಗುವ ಮನೆತನ. ರಾಯಬಾಗದಿಂದ ಗಂಡಿನ ಕಡೆಯವರು ಅವಳನ್ನು ನೋಡಲು ಬಂದು ಹೋಗಿದ್ದರು, ಮಾತುಕತೆ ಅರ್ಧ ಮುಗಿದಿತ್ತು. ನಾನು ಅವರ ಮನೆಗೆ ಹೋಗಿ ಕಟ್ಟೆಯ ಮೇಲೆ ಕುಳಿತು ವಾದಿಸಿದೆ. ಬೆಳಗಾವಿಯಲ್ಲಿ ಜಿಲ್ಲಾ ತಂಡಕ್ಕೆ ಆಯ್ಕೆಯಾದರೆ ಕ್ರೀಡೆಯ ಆಧಾರದ ಮೇಲೆ ಕಾಲೇಜಿನಲ್ಲಿ ಸೀಟು, ಹಾಸ್ಟೆಲ್ ಎರಡೂ ಸಿಗುತ್ತವೆ ಎಂದೆ. ಬಾಬುರಾವ್ ಅಂಗೈಯಲ್ಲಿ ತಂಬಾಕು ತಿಕ್ಕಿದರು.

"ಬೆಳಗಾವ್ಯಾಗ ಆರಿಸಿದ್ರ ಕಾಲೇಜ. ಇಲ್ಲಂದ್ರ ರಾಯಬಾಗದ ಮನಿ. ಇದು ನನ್ನ ಮಾತ್ರಿ ಸರ್," ಎಂದರು.

ಬೆಳಗಾವಿಗೆ ಹೋಗಬೇಕಾದರೆ ಮೊದಲು ಚಿಕ್ಕೋಡಿ ಉಪವಿಭಾಗದ ಪಂದ್ಯ ಗೆಲ್ಲಬೇಕು. ಅದು ಸೆಪ್ಟೆಂಬರಿನಲ್ಲಿ, ಚಿಕ್ಕೋಡಿಯಲ್ಲೇ ಇತ್ತು. ಹಿಂದಿನ ದಿನ ಸಂಜೆ ಹುಡುಗಿಯರನ್ನು ಕೂರಿಸಿಕೊಂಡು, ನಾಳೆಯೂ ಝೋನೇ, ಯಾರೂ ಜಾಗ ಬಿಡುವಂತಿಲ್ಲ ಎಂದು ಎರಡೆರಡು ಸಲ ಹೇಳಿ ಕಳಿಸಿದೆ. ಈ ಮಾತನ್ನು ನೆನಪಿನಲ್ಲಿಡಿ, ಮುಂದಿನದೆಲ್ಲ ಇದರ ಮೇಲೆಯೇ ನಿಂತಿದೆ.

ಬೆಳಿಗ್ಗೆ ಬಸ್ಸಿನಲ್ಲಿ ಹುಡುಗಿಯರು ರೊಟ್ಟಿ ಗಂಟು ಬಿಚ್ಚಿದರು. ಶಾಲನ್ ಬಿಚ್ಚಲಿಲ್ಲ, ಕಿಟಕಿಯ ಕಡೆ ಮುಖ ಮಾಡಿ ಕುಳಿತಿದ್ದಳು. ಅಂದು ಏಕಾದಶಿ ಎಂದು ನನಗೆ ಹೊಳೆಯಿತು. ನಮ್ಮ ಮನೆಯಲ್ಲೂ ಅವ್ವ ಹಿಡಿಯುತ್ತಿದ್ದ ಉಪವಾಸವೇ. ಕೇಳಬಹುದಿತ್ತು, ಕೇಳಲಿಲ್ಲ. ದೇವರ ವಿಷಯ, ನಮಗೇಕೆ ಎಂದುಕೊಂಡೆ. ಅದು ಸೌಜನ್ಯವಾಗಿರಲಿಲ್ಲ, ಸೋಮಾರಿತನವಾಗಿತ್ತು.

ಫೈನಲ್‌ನಲ್ಲಿ ನಮಗೆ ಎದುರು ಬಂದದ್ದು ನಿಪ್ಪಾಣಿ ಕಡೆಯ ತಂಡ. ಅಲ್ಲಿಯವರೆಗೆ ನಾವು ಝೋನ್ ಆಡಿಯೇ ಗೆದ್ದಿದ್ದೆವು. ಅವರ ಸೆಮಿಫೈನಲ್ ನಾನು ಗೆರೆಯ ಬಳಿ ನಿಂತು ನೋಡಿದೆ. ಅವರಲ್ಲಿ ಒಬ್ಬ ಗಿಡ್ಡ ಹುಡುಗಿ ದೂರದಿಂದ ಎಸೆದದ್ದೆಲ್ಲ ಬುಟ್ಟಿಗೆ ಬೀಳುತ್ತಿತ್ತು. ನಮ್ಮವರು ಜಾಗ ಕಾಯುತ್ತ ನಿಂತರೆ ಅವಳು ಹೊರಗೇ ನಿಂತು ಮುಗಿಸುತ್ತಾಳೆ. ಇಷ್ಟೇ ಆಗಿದ್ದರೆ ನಾನು ಇನ್ನೂ ಸ್ವಲ್ಪ ಯೋಚಿಸುತ್ತಿದ್ದೆನೇನೋ. ಆದರೆ ಪಕ್ಕದಲ್ಲಿದ್ದ ಅವರ ಶಿಕ್ಷಕ ನಗುತ್ತ ಚುಚ್ಚಿದ.

"ನಿಮ್ಮ ಹುಡುಗ್ಯಾರು ಜ್ವಾಳದ ಹೊಲದಾಗಿನ ಬೆದರುಗೊಂಬಿ ಇದ್ದಂಗ ಅದಾರಲ್ರಿ ಸರ್. ನಿಂತಲ್ಲೇ ನಿಂತಿರ್ತಾರ."

ಮೈಯೆಲ್ಲ ಉರಿದು ಹೋಯಿತು. ತರಬೇತಿ ಶಿಬಿರದಲ್ಲಿ ನಾನು ಕಲಿತು ಬಂದಿದ್ದ ಮ್ಯಾನ್ ಟು ಮ್ಯಾನ್ ಡಿಫೆನ್ಸ್ ನೆನಪಾಯಿತು. ಅದರಲ್ಲಿ ಜಾಗ ಕಾಯುವುದಿಲ್ಲ, ಆಳನ್ನು ಕಾಯುತ್ತಾರೆ. ಒಬ್ಬೊಬ್ಬರಿಗೆ ಒಬ್ಬೊಬ್ಬ ಎದುರಾಳಿ, ಅವಳು ಹೋದಲ್ಲೆಲ್ಲ ನೆರಳಿನ ಹಾಗೆ ಹೋಗಬೇಕು. ನಮ್ಮ ಹುಡುಗಿಯರಿಗೆ ಅದನ್ನು ಒಂದು ತಿಂಗಳು ಕಲಿಸಿ ಬಿಟ್ಟಿದ್ದೆ. ಆಟಕ್ಕೆ ಹತ್ತು ನಿಮಿಷ ಇರುವಾಗ ಎಲ್ಲರನ್ನೂ ಕರೆದು, ಝೋನ್ ಬಿಡ್ರಿ, ಇವತ್ತು ಆಳು ಹಿಡಿಯೋದು ಎಂದೆ. ಆ ಗಿಡ್ಡ ಹುಡುಗಿಯನ್ನು ಶಾಲನ್‌ಗೆ ಕೊಟ್ಟೆ. ಎತ್ತರದವಳು ಎದುರು ಕೈ ಎತ್ತಿದರೆ ಎಸೆತ ತಪ್ಪುತ್ತದೆ ಎಂಬುದು ನನ್ನ ಜಾಣತನ.

ಜಾಣತನ ಫಲಿಸಿತು. ಮೊದಲರ್ಧದಲ್ಲಿ ಆ ಹುಡುಗಿಗೆ ಎರಡೇ ಬುಟ್ಟಿ ಸಿಕ್ಕವು. ಶಾಲನ್ ಮೈದಾನದ ಈ ತುದಿಯಿಂದ ಆ ತುದಿಗೆ ಓಡುತ್ತಲೇ ಇದ್ದಳು. ವಿರಾಮದಲ್ಲಿ ನಾನು ನೆಲದ ಮೇಲೆ ಕಡ್ಡಿಯಿಂದ ಗೀಟು ಹಾಕಿ ವಿವರಿಸುತ್ತಿದ್ದೆ. ಚೀಲಗಳು ಅತ್ತ ಹುಣಸೆ ಗಿಡದ ಬುಡದಲ್ಲಿದ್ದವು.

"ಸರ್, ಒಂದೀಟ ಚೀಲದ ಕಡೆ ಹೋಗಿ ಬರ್ಲೇನ್ರಿ?" ಎಂದಳು ಶಾಲನ್.

"ಚೀಲ ಎಲ್ಲೂ ಓಡಿ ಹೋಗೂದಿಲ್ಲ. ಇಲ್ಲಿ ಕೇಳು," ಎಂದೆ.

ಕರವಸ್ತ್ರಕ್ಕೆ ಹೊರಟಿರಬೇಕು ಎಂದು ನಾನು ತಿಳಿದಿದ್ದೆ. ಅವಳು ನೀರು ಕುಡಿದು ಗೀಟಿನ ಹತ್ತಿರ ಬಂದು ನಿಂತಳು.

ದ್ವಿತೀಯಾರ್ಧದ ಟೈಮ್ ಔಟ್‌ನಲ್ಲಿ ಕ್ಯಾಪ್ಟನ್ ಮಂಗಲ ನನ್ನ ಹತ್ತಿರ ಬಂದು, ಶಾಲನ್ ಏನೂ ತಿಂದಿಲ್ಲ, ಮೊದಲಿನ ಹಾಗೆ ನಿಂತೇ ಆಡೋಣ ಎಂದು ಮೆಲ್ಲಗೆ ಹೇಳಿದಳು. ನಾವು ಆರು ಪಾಯಿಂಟ್ ಮುಂದಿದ್ದೆವು. ಬೆಂಚಿನ ಮೇಲೆ ಬದಲಿ ಆಟಗಾರ್ತಿಯರೂ ಇದ್ದರು. ಆದರೆ ಅತ್ತ ಆ ಶಿಕ್ಷಕ ಈಗ ನಗುತ್ತಿರಲಿಲ್ಲ, ಅದನ್ನು ಇನ್ನೂ ಸ್ವಲ್ಪ ಹೊತ್ತು ನೋಡುವ ಆಸೆ ನನಗೆ. ನನಗೇ ಆಟ ಕಲಿಸಲು ಬರಬೇಡ ಎಂದು ಮಂಗಲಳನ್ನು ಗದರಿ ಕಳಿಸಿದೆ.

ಮುಗಿಯಲು ನಾಲ್ಕು ನಿಮಿಷವಿತ್ತು. ಆ ಹುಡುಗಿ ಎಸೆಯಲು ಜಿಗಿದಳು, ಶಾಲನ್ ಕೂಡ ಜಿಗಿದಳು, ಚೆಂಡನ್ನು ತಡೆದಳು. ಕೆಳಗೆ ಬರುವಾಗ ಅವಳ ಕಣ್ಣುಗಳು ಮುಚ್ಚಿದ್ದವು. ಬಲಗೈ ಮೈಯಡಿಗೆ ಸಿಕ್ಕಿತು. ಮಣಿಕಟ್ಟು ಮುರಿದ ಸದ್ದು ನನಗೆ ಗೆರೆಯಾಚೆಗೂ ಕೇಳಿಸಿತು.

ನಾವು ೩೧–೨೮ರಿಂದ ಗೆದ್ದೆವು. ಸರಕಾರಿ ಆಸ್ಪತ್ರೆಯಲ್ಲಿ ಪ್ಲಾಸ್ಟರ್ ಹಾಕಿಸಿಕೊಂಡು ಸಂಜೆಯ ಬಸ್ಸು ಹಿಡಿದೆವು. ಬೆಳಗಾವಿಯ ಪಂದ್ಯ ಹನ್ನೆರಡು ದಿನಕ್ಕಿತ್ತು, ಪ್ಲಾಸ್ಟರ್ ಆರು ವಾರದ್ದು. ಹುಡುಗಿಯರು ಮೊದಲು ಅತ್ತರು, ಆಮೇಲೆ ಗೆದ್ದ ಬಹುಮಾನದ ಢಾಲನ್ನು ತೊಡೆಯ ಮೇಲಿಟ್ಟುಕೊಂಡು ನಗತೊಡಗಿದರು. ಶಾಲನ್ ತಾನೇ ಎಡಗೈಯಿಂದ ಚೀಲ ತೆಗೆದು, ಒಳಗಿದ್ದ ಶೇಂಗಾ ಉಂಡಿಗಳನ್ನು ಹಂಚು ಎಂದು ಮಂಗಲಳಿಗೆ ಕೊಟ್ಟಳು. ನನಗೂ ಒಂದು ಬಂತು. ನೀನೂ ತಿನ್ನು ಎಂದೆ.

"ನಂದು ಉಪವಾಸ ನಾಳೆ ಮುಂಜಾನೆ ಬಿಡೂದ್ರಿ. ನೀವು ತಿನ್ರಿ ಸರ್," ಎಂದಳು.

ಬೆಳಗಿನಿಂದ ಚಹಾದ ಮೇಲೇ ಇದ್ದೆ, ಹಸಿದಿದ್ದೆ. ಇನ್ನೊಂದನ್ನೂ ಕೇಳಿ ತಿಂದೆ.

ಬಾಬುರಾವ್ ನನ್ನನ್ನು ಬೈಯಲಿಲ್ಲ. ಆಟ ಅಂದಮೇಲೆ ಬೀಳುವುದು ಇದ್ದದ್ದೇ ಎಂದು ಚಹಾ ಕೊಟ್ಟರು. ಉಪವಾಸದ ವಿಷಯ, ಮಂಗಲ ಎಚ್ಚರಿಸಿದ ವಿಷಯ ನಾನು ಎತ್ತಲೇ ಇಲ್ಲ. ಬೆಳಗಾವಿಯಲ್ಲಿ ನಾವು ಮೊದಲ ಪಂದ್ಯದಲ್ಲೇ ಸೋತೆವು. ಮುಂದಿನ ವೈಶಾಖದಲ್ಲಿ ಶಾಲನ್‌ಳ ಮದುವೆಯಾಯಿತು. ಅಕ್ಷತೆ ಹಾಕಿ, ಊಟಕ್ಕೆ ನಿಲ್ಲದೆ ಬಂದೆ. ಢಾಲು ಮುಖ್ಯೋಪಾಧ್ಯಾಯರ ಕೋಣೆಯಲ್ಲಿತ್ತು. ಸಹಿ ಹಾಕಲು ಹೋದಾಗಲೆಲ್ಲ ನಾನು ಅದಕ್ಕೆ ಬೆನ್ನು ಮಾಡಿ ನಿಲ್ಲುತ್ತಿದ್ದೆ.

೧೯೯೭ರಲ್ಲಿ ಕೆಲಸದ ಮೇಲೆ ರಾಯಬಾಗಕ್ಕೆ ಹೋಗಿದ್ದಾಗ ಬಸ್ ನಿಲ್ದಾಣದಲ್ಲಿ ಯಾರೋ "ಸರ್" ಎಂದು ಕರೆದರು. ಶಾಲನ್. ಮೈ ತುಂಬಿಕೊಂಡಿದ್ದಳು, ಚೆನ್ನಾಗಿದ್ದಳು. ಗಂಡ ಒಳ್ಳೆಯವನು, ಎಮ್ಮೆಗಳಿವೆ, ಹಾಲು ಡೇರಿಗೆ ಹೋಗುತ್ತದೆ ಎಂದಳು. ಮಳೆಗಾಲದಲ್ಲಿ ಬಲಗೈ ನೋಯುತ್ತದೆ, ಹಾಲು ಹಿಂಡುವುದು ಎಡಗೈಯಲ್ಲಿ ಎಂದೂ ಹೇಳಿದಳು. ಒಂಬತ್ತು ವರ್ಷ ಗಂಟಲಲ್ಲಿಟ್ಟುಕೊಂಡದ್ದನ್ನು ನಾನು ಅಲ್ಲೇ ಹೇಳಿಬಿಟ್ಟೆ. ನೀನು ಉಪವಾಸವಿದ್ದದ್ದು ನನಗೆ ಗೊತ್ತಿತ್ತು, ಗೊತ್ತಿದ್ದೂ ಓಡಿಸಿದೆ ಎಂದೆ.

ಅವಳು ನಕ್ಕಳು. ಸಿಟ್ಟು ಮಾಡಿದ್ದರೆ ಒಳ್ಳೆಯದಿತ್ತು.

"ಅವ್ವ ಶೇಂಗಾ ಉಂಡಿ ಕಟ್ಟಿ ಕೊಟ್ಟಿದ್ಲರಿ ಸರ್. ಓಡೂದಿದ್ರ ಇದನ್ನ ತಿಂದು ಫರಾಳ ಮಾಡು, ಉಪವಾಸಕ್ಕ ಇದು ನಡೀತೈತಿ, ವಿಠೋಬ ಏನೂ ಅನ್ನೂದಿಲ್ಲ ಅಂದಿದ್ಲು. ನೀವು ಝೋನ್ ಅಂದಿದ್ರಿ. ನಿಂತ ಆಡೂದ ಐತಲ್ಲ, ನೀರಿನ ಮ್ಯಾಲೆ ತಡದೇನು ಅಂತ ನಾನ ತಿನ್ನೂದ ಬಿಟ್ನಿ. ನಡುವ ಹೊಟ್ಟಿ ತಡೀಲಿಲ್ಲ, ಚೀಲದ ಕಡೆ ಹೋಗಿ ಬರ್ತೀನಿ ಅಂತ ಕೇಳಿದ್ನಲ್ರಿ?"

ಅಷ್ಟರಲ್ಲಿ ಅವಳ ಬಸ್ಸು ಬಂತು. ಮನೆಗೆ ಬರ್ರಿ ಎಂದು ಹೇಳಿ ಹತ್ತಿದಳು. ನಾನು ಅಲ್ಲೇ ಕಲ್ಲಿನ ಬೆಂಚಿನ ಮೇಲೆ ಕುಳಿತೆ. ನನ್ನ ಬಸ್ಸು ಹೋದದ್ದೂ ತಿಳಿಯಲಿಲ್ಲ.

ಆಮೇಲೂ ಹಲವು ವರ್ಷ ತಂಡಗಳನ್ನು ಆಡಿಸಿದೆ, ಪಂದ್ಯದ ನಡುವೆ ಡಿಫೆನ್ಸ್ ಬದಲಿಸಿದ್ದೂ ಉಂಟು. ತಂತ್ರ ಬದಲಿಸುವುದು ತಪ್ಪಲ್ಲ, ಅದು ಶಿಕ್ಷಕನ ಕೆಲಸವೇ. ಆದರೆ ನಿನ್ನೆ ನಾನು ಆಡಿದ ಮಾತನ್ನು ನಂಬಿ ಯಾರು ಹೇಗೆ ಮನೆ ಬಿಟ್ಟು ಬಂದಿದ್ದಾರೆ ಎಂದು ಕೇಳದೆ ಬದಲಿಸಬಾರದು. ಕೇಳಲು ಒಂದು ನಿಮಿಷವೂ ಬೇಡ. ಇದನ್ನು ಕಲಿಯಲು ನಾನು ಶಾಲನ್‌ಳ ಕೈಯನ್ನೂ ಕಾಲೇಜನ್ನೂ ಕಳೆದೆ.

ಈಗ ನಿವೃತ್ತ. ಏಕಾದಶಿಗೆ ಹೆಂಡತಿ ಶೇಂಗಾ ಉಂಡಿ ಕಟ್ಟಿ ನನ್ನ ಮುಂದೂ ಒಂದು ಇಡುತ್ತಾಳೆ. ನಾನು ಮುಟ್ಟುವುದಿಲ್ಲ. ಹಲ್ಲು ನೋವೇನ್ರಿ ಎಂದು ಕೇಳುತ್ತಾಳೆ. ಹೌದು ಎನ್ನುತ್ತೇನೆ.